ಪಾನಾ ಹಿಡಿದವರು, ಪೆನ್ನು ಹಿಡಿದವರು

ಪುಣೆಯಲ್ಲಿ ಗಾಡಿ ಎಂದರೆ ಸ್ಕೂಟರು, ಇಲ್ಲವೇ ಬೈಕು. ಕಾರಿದ್ದವರೂ ಪೇಠೆಯ ಕಡೆ ಹೊರಟರೆ ಸ್ಕೂಟರಿನ ಕೀಲಿಯನ್ನೇ ಹುಡುಕುತ್ತಾರೆ. ಗಾಡಿ ತಯಾರಿಸುವವರಿಗಂತೂ ಇಲ್ಲಿ ಬರವಿಲ್ಲ. ಆಕುರ್ಡಿಯಲ್ಲಿ ಬಜಾಜ್, ಪಿಂಪ್ರಿಯಲ್ಲಿ ಟಾಟಾ, ಚಾಕಣದಲ್ಲಿ ಮಹೀಂದ್ರ, ಮರ್ಸಿಡಿಸ್, ಫೋಕ್ಸ್‌ವ್ಯಾಗನ್. ವಾಹನಗಳ ಪರೀಕ್ಷೆಗೆಂದೇ 1966ರಲ್ಲಿ ಹುಟ್ಟಿದ ಎಆರ್‌ಎಐ ಸಂಸ್ಥೆ ವೇತಾಳ ಟೇಕಡಿಯ ಮೇಲಿದೆ. ಇಷ್ಟಿದ್ದೂ, ಗಾಡಿ ಕೆಟ್ಟಾಗ ಕಾರ್ಖಾನೆಯ ಇಂಜಿನಿಯರೂ ಪಕ್ಕದ ಮನೆಯವರನ್ನು ಕೇಳುವುದು ಒಂದೇ ಪ್ರಶ್ನೆ: "ನಿಮ್ಮ ಮಿಸ್ತ್ರಿ ಯಾರು?" ಯಂತ್ರ ಬಲ್ಲವರಿಗೂ ಬೇಕಾಗಿರುವುದು ಯಂತ್ರಜ್ಞಾನವಲ್ಲ, ಒಬ್ಬ ಮನುಷ್ಯನ ವಿಳಾಸ. ಯಾಕೆ?

*

ಬೆಳಿಗ್ಗೆ ಗ್ಯಾರೇಜಿನ ಮುಂದೆ ನಿಂತರೆ ಗಣ್ಯರು ಬಾಯಲ್ಲಿ ಸದ್ದು ಹೊರಡಿಸುವುದನ್ನು ಕೇಳಬಹುದು. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಗಂಭೀರವಾಗಿ "ಕಟ್ ಕಟ್ ಕಟ್" ಅಂದರು. ಮಿಸ್ತ್ರಿ ನಗಲಿಲ್ಲ. ಚಾಲೂ ಮಾಡಿದ ತಕ್ಷಣ ಬರುತ್ತದೋ, ಕಾದ ಮೇಲೋ? ಬ್ರೇಕ್ ಒತ್ತಿದಾಗಲೋ, ಗೇರ್ ಬದಲಿಸುವಾಗಲೋ? ಒಬ್ಬರೇ ಕೂತಾಗಲೋ, ಹಿಂದೆ ಕಾಕೂ ಕೂತಾಗಲೋ? ಇಷ್ಟು ಕೇಳಿ, ಇಂಜಿನ್ ಚಾಲೂ ಮಾಡಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ ಹಿಡಿಯನ್ನು ಕಿವಿಗಿಟ್ಟುಕೊಂಡ. ಜಾಗ ಬದಲಿಸಿ ಇನ್ನೊಮ್ಮೆ ಆಲಿಸಿದ. "ಟ್ಯಾಪೆಟ್" ಎಂದ. ಅಧಿಕಾರಿಗೆ ಟ್ಯಾಪೆಟ್ ಅಂದರೇನೆಂದು ಗೊತ್ತಿದ್ದಂತೆ ಕಾಣಲಿಲ್ಲ. ಆದರೂ ಅವರ ಮುಖ ಹಗುರಾಯಿತು. ಅವರ "ಕಟ್ ಕಟ್" ಸುಳ್ಳಲ್ಲ ಎಂದು ಇನ್ನೊಬ್ಬರ ಕಿವಿಯೂ ಸಾಕ್ಷಿ ಹೇಳಿತಲ್ಲ!

*

ಅದೇ ಸದ್ದನ್ನು ಹೊತ್ತು ಕಂಪನಿಯ ಸರ್ವಿಸ್ ಸೆಂಟರಿಗೆ ಹೋದರೆ ಎಸಿ ಕೋಣೆ, ಕಾಫಿ ಯಂತ್ರ, ಕೈಯಲ್ಲಿ ಟ್ಯಾಬ್ ಹಿಡಿದ ವಿನಯವಂತ ಹುಡುಗ. ಹುದ್ದೆಯ ಹೆಸರು ಸರ್ವಿಸ್ ಅಡ್ವೈಸರ್. ಅವನು ಕೇಳಿಸಿಕೊಳ್ಳುತ್ತಾನೆ, "ನಾಯ್ಸ್ ಚೆಕ್" ಎಂದು ಜಾಬ್ ಕಾರ್ಡಿನಲ್ಲಿ ಬರೆಯುತ್ತಾನೆ. ಥಂಡಿಯೋ ಬಿಸಿಯೋ, ಒಬ್ಬರೋ ಇಬ್ಬರೋ, ಎಲ್ಲವೂ ಆ ಎರಡು ಪದಗಳಲ್ಲಿ ಕರಗಿಹೋದವು. ಗಾಜಿನಾಚೆ ಗಾಡಿ ಬಿಚ್ಚುವವನ ಕೈ ಸೇರುವುದು ಆ ಕಾರ್ಡು ಮಾತ್ರ. ಮಾತಾಡುವವನು ಗಾಡಿ ಮುಟ್ಟುವುದಿಲ್ಲ, ಮುಟ್ಟುವವನು ಮಾತಾಡುವುದಿಲ್ಲ. ಸಂಜೆ ಬಿಲ್ಲಿನಲ್ಲಿ "ಥ್ರಾಟಲ್ ಬಾಡಿ ಕ್ಲೀನಿಂಗ್", "ಕನ್ಸ್ಯೂಮೆಬಲ್ಸ್" ಎಂಬ ಸಾಲುಗಳು. ಸದ್ದು ಹೋಯಿತೇ ಎಂದು ಕೇಳಿದರೆ ಹುಡುಗ ಒಳಗೆ ಹೋಗಿ ಕೇಳಿಕೊಂಡು ಬರುತ್ತಾನೆ.

*

ಒಗಟು ಇರುವುದು ಇಲ್ಲಿ. ಸರ್ವಿಸ್ ಸೆಂಟರಿನಲ್ಲಿ ಎಲ್ಲವೂ ಅಚ್ಚಾಗಿ ಬರುತ್ತದೆ, ಸಹಿ ಬೀಳುತ್ತದೆ, ತೆರಿಗೆ ಜಮೆಯಾಗುತ್ತದೆ. ಮಿಸ್ತ್ರಿ ಲೆಕ್ಕ ಬರೆಯುವುದು ಬಲ್ಬಿನ ಡಬ್ಬಿಯ ರಟ್ಟಿನ ಹಿಂಬದಿಯಲ್ಲಿ. ಜನ ಅಚ್ಚಾದ ಬಿಲ್ಲನ್ನು ಅನುಮಾನಿಸುತ್ತಾರೆ, ರಟ್ಟನ್ನು ನಂಬುತ್ತಾರೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ. ಆದರೆ "ಬಿಲ್ ಬೇಡ ಬಿಡಪ್ಪ" ಎನ್ನುವವನು ಗಾಡಿ ಮಾಲೀಕನೇ. ದುರಸ್ತಿಯ ಮೇಲಿನ 18 ಪ್ರತಿಶತ ಜಿಎಸ್‌ಟಿ ಉಳಿಯುತ್ತದಲ್ಲ! ತಿಂಗಳೊಪ್ಪತ್ತಿನಲ್ಲಿ ಕ್ಲಚ್ ಮತ್ತೆ ಕೈಕೊಟ್ಟರೆ ತೋರಿಸಲು ಚೀಟಿಯೂ ಇರುವುದಿಲ್ಲ. ಗ್ರಾಹಕ ಪಂಚಾಯತ್ ಚಳವಳಿ ಬಿಂದುಮಾಧವ ಜೋಶಿಯವರ ಮುಂದಾಳುತನದಲ್ಲಿ 1974ರಲ್ಲಿ ಶುರುವಾದದ್ದು ಇದೇ ಊರಿನಲ್ಲಿ. ಹಕ್ಕಿನ ಮಾತು ಇಲ್ಲಿ ಯಾರಿಗೂ ಹೊಸದಲ್ಲ. ಆದರೂ ಗ್ಯಾರೇಜಿನ ಹೊಸ್ತಿಲಲ್ಲಿ ಹಕ್ಕಿಗಿಂತ ಪರಿಚಯಕ್ಕೇ ಬೆಲೆ ಹೆಚ್ಚು.

*

ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ ಎಂಬ ಅರ್ಥಶಾಸ್ತ್ರಜ್ಞರು 1973ರಲ್ಲಿ ಇಂಥದ್ದನ್ನೇ ವಿಚಾರಿಸಿದ್ದರು. ಮಾವಿನಹಣ್ಣು ಸಿಹಿಯೋ ಹುಳಿಯೋ ತಿಂದ ಮೇಲಾದರೂ ತಿಳಿಯುತ್ತದೆ. ಕೆಲವು ಸೇವೆಗಳು ಹಾಗಲ್ಲ. ಕೊಂಡ ಮೇಲೂ ಅದು ಬೇಕಿತ್ತೋ ಇಲ್ಲವೋ ತಿಳಿಯುವುದಿಲ್ಲ. ವಾಹನ ದುರಸ್ತಿ ಅಂಥದ್ದು. ಬೇರಿಂಗ್ ಬದಲಿಸಿದ ಮೇಲೆ ಗಾಡಿ ಚೆನ್ನಾಗಿ ಓಡಿದರೆ, ಹಳೆಯ ಬೇರಿಂಗಿನಲ್ಲೇ ಇನ್ನೊಂದು ವರ್ಷ ಓಡುತ್ತಿರಲಿಲ್ಲ ಎಂದು ಹೇಳುವವರು ಯಾರು? ರೋಗ ಹೇಳುವವನೂ ಔಷಧ ಮಾರುವವನೂ ಒಬ್ಬನೇ ಆದಾಗ ಗಿರಾಕಿಗೆ ಉಳಿಯುವುದು ಅವನ ಮುಖ ಓದುವ ದಾರಿಯೊಂದೇ. ರಟ್ಟಿನ ಲೆಕ್ಕ ಗೆಲ್ಲುವುದು ಇದಕ್ಕೇ ಇರಬೇಕು. ಅಲ್ಲಿ ಓದಲು ಒಂದು ಮುಖವಾದರೂ ಇದೆ.

*

ಇನ್ನೊಂದು ಬದಿ. ಪುಣೆಯ ವಾರಜೆಯಲ್ಲಿ ಇಂಡಿ ಕಡೆಯ ಮಿಸ್ತ್ರಿಯೊಬ್ಬ ಇದ್ದಾನೆ. ಗಿರಾಕಿಗಳ ಹತ್ತಿರ ಮರಾಠಿ, ನನ್ನ ಹತ್ತಿರ ಕನ್ನಡ. ನಂಬಿಕೆಯ ವಿಷಯ ತೆಗೆದದ್ದೇ ತಡ, ದೂರು ಅವನದೇ ದೊಡ್ಡದು.

"ಗಿರಾಕಿ ಖರೇ ಹೇಳಿದ್ರ ಅರ್ಧಾ ಕೆಲಸ ಆದಂಗ ರೀ ಸರ. ನೀರಾಗ ಗಾಡಿ ಹೊಡ್ದಿರ್ತಾರ, ಕೇಳಿದ್ರ ಇಲ್ಲ ಅಂತಾರ. ಮೊದ್ಲ ಬ್ಯಾರೆ ಕಡೆ ಬಿಚ್ಚಿಸಿರ್ತಾರ, ಅದನ್ನೂ ಹೇಳಂಗಿಲ್ಲ. ನಟ್ಟಿನ ಮಾರಿ ನೋಡಿದ್ರ ನಮಗ ಗೊತ್ತಾಗ್ತದ್ರಿ."

"ಮತ್ತ ಕೆಲಸ ಹೆಚ್ಚಾದ್ರ ನೀವು ಕೇಳಿ ಮಾಡ್ತೀರೋ, ಮಾಡಿ ಹೇಳ್ತೀರೋ?"

"ಫೋನ್ ಹಚ್ಚಿದ್ರ ಎತ್ತಂಗಿಲ್ಲ. ಕೇಳ್ದ ಮಾಡಿದ್ರ ಯಾಕ್ ಮಾಡ್ದಿ ಅಂತಾರ, ಬಿಟ್ರ ಇನ್ನೂ ಯಾಕ್ ಆಗಿಲ್ಲ ಅಂತಾರ. ಹ್ಯಾಂಗ್ ಮಾಡ್ಬೇಕ್ರಿ?"

ಈಗ ಅವನು ಬಿಚ್ಚಿದ ಭಾಗದ ಫೋಟೋ ವಾಟ್ಸಾಪಿಗೆ ಹಾಕಿ, ನೀಲಿ ಗೀಟು ಬೀಳುವ ತನಕ ಕಾಯುತ್ತಾನೆ. ಗಿರಾಕಿ ಬಂದಾಗ ಹಳೆಯ ಬ್ರೇಕ್ ಶೂ, ಹೊಸ ಬ್ರೇಕ್ ಶೂ ಎರಡನ್ನೂ ಅಕ್ಕಪಕ್ಕ ಹಿಡಿದು ಹೆಬ್ಬೆರಳು ಆಡಿಸಿ ತೋರಿಸುತ್ತಾನೆ: ಇಲ್ಲಿ ಇಷ್ಟು ದಪ್ಪ, ಇಲ್ಲಿ ಲೋಹಕ್ಕೇ ಬಂದಿದೆ. ಹಳೆಯದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಹ್ಯಾಂಡಲಿಗೆ ನೇತುಹಾಕುತ್ತಾನೆ. ಆ ಸವೆದ ಶೂ ಇದೇ ಗಾಡಿಯದು ಎಂಬುದಕ್ಕೆ ಪುರಾವೆ ಏನು? ಏನೂ ಇಲ್ಲ. ಯಾರೂ ಕೇಳಿದ್ದನ್ನೂ ಕಾಣೆ. ಮನೆಗೆ ಹೋದವರು ಅದನ್ನು ಗುಜರಿಗೆ ಹಾಕುತ್ತಾರೆ. ಆದರೆ ಚೀಲ ಕೊಡದ ದಿನ ತಪ್ಪದೆ ಕೇಳುತ್ತಾರೆ.

*

ಪುಣೇರಿ ಪಾಟಿಗಳಿಗೆ ಈ ಊರು ಪ್ರಸಿದ್ಧ. ಅಂಗಡಿ, ಮನೆ, ವಾಡೆಗಳ ಮುಂದೆ ಮುಲಾಜಿಲ್ಲದೆ ಬರೆದ ಫಲಕಗಳು. ಗ್ಯಾರೇಜುಗಳಲ್ಲೂ ಇವೆ: ಡಿಕ್ಕಿಯಲ್ಲಿಟ್ಟ ವಸ್ತುವಿಗೆ ನಾವು ಜವಾಬ್ದಾರರಲ್ಲ, ಉದ್ರಿ ಕೇಳಬೇಡಿ, ಕೆಲಸದ ಮಧ್ಯೆ ಮಾತಾಡಿಸಬೇಡಿ. ಗಿರಾಕಿ ಏನು ಮಾಡಬಾರದು ಎಂಬುದು ಪೂರ್ತಿ ಸ್ಪಷ್ಟ. ಗ್ಯಾರೇಜಿನವರು ಏನು ಮಾಡುತ್ತಾರೆ, ಎಷ್ಟಕ್ಕೆ ಮಾಡುತ್ತಾರೆ ಎಂಬ ಪಾಟಿಯನ್ನು ಇನ್ನೂ ಹುಡುಕುತ್ತಿದ್ದೇನೆ.

*

ಮಿಸ್ತ್ರಿಯ ಕಿವಿಗೂ ಈಗ ಮಿತಿ ಬಂದಿದೆ. 1972ರಲ್ಲಿ ಬಂದ ಹಳೆಯ ಚೇತಕ್ ಸ್ಕೂಟರ್ ಚಾಲೂ ಆಗದಿದ್ದರೆ ಮಾಲೀಕನೇ ಬದಿಗೆ ವಾಲಿಸಿ ಕಿಕ್ ಹೊಡೆಯುತ್ತಿದ್ದ, ಪ್ಲಗ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜುತ್ತಿದ್ದ. ಅವನಿಗೂ ಮಿಸ್ತ್ರಿಗೂ ಗೊತ್ತಿದ್ದದ್ದರಲ್ಲಿ ಅಂತರ ಕಡಿಮೆಯಿತ್ತು. 2020ರ ಏಪ್ರಿಲ್‌ನಲ್ಲಿ ಹೊಗೆಯ ಬಿಎಸ್-6 ನಿಯಮ ಬಂದ ಮೇಲೆ ಬಹುತೇಕ ಹೊಸ ಬೈಕುಗಳಿಂದಲೂ ಕಾರ್ಬುರೇಟರ್ ಹೊರಟುಹೋಯಿತು. ಮೀಟರಿನಲ್ಲಿ ಹಳದಿ ದೀಪ ಹತ್ತಿದರೆ ಸ್ಕ್ಯಾನರ್ ಚುಚ್ಚಬೇಕು. ಅದೇ ವರ್ಷ ಜನವರಿಯಲ್ಲಿ ಪುಣೆ, ಬೆಂಗಳೂರುಗಳಲ್ಲಿ ಮೊದಲು ಬಿಡುಗಡೆಯಾದ ವಿದ್ಯುತ್ ಚೇತಕ್ಕನ್ನು ಕಂಡು ವಾರಜೆಯವ ಹೇಳಿದ್ದಿಷ್ಟು: "ಇದಕ್ಕ ನಮ್ ಪಾನಾ ಹತ್ತಂಗಿಲ್ರಿ."

ಸ್ಕ್ಯಾನರ್ ಯಾರ ಕೈಯಲ್ಲಿರಬೇಕು ಎಂಬ ಜಗಳ ಕಾರುಗಳಲ್ಲಿ ಮೊದಲೇ ಶುರುವಾಗಿತ್ತು. ಅಸಲಿ ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಪಟ್ಟಿಯಲ್ಲಿ ಪುಣೆಯ ಸುತ್ತ ಕಾರ್ಖಾನೆ ಇಟ್ಟವರೇ ಹಲವರು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದೇ, ಕೇಂದ್ರ ಸರ್ಕಾರ ದುರಸ್ತಿ ಹಕ್ಕಿನ ಪೋರ್ಟಲ್ ತೆರೆಯಿತು. ವಾಹನಗಳೂ ಅದರಲ್ಲಿ ಸೇರಿವೆ. ನಾನು ಮಾತಾಡಿಸಿದ ಮಿಸ್ತ್ರಿಗಳಲ್ಲಿ ಒಬ್ಬನಿಗೂ ಅದರ ಸುದ್ದಿ ತಲುಪಿರಲಿಲ್ಲ.

*

ಒಂದು ಸಾಧಾರಣ ಲೆಕ್ಕ. ಸರ್ವಿಸ್ ಸೆಂಟರಿನ ಬಳಿ ಸ್ಕ್ಯಾನರಿದೆ, ಅಸಲಿ ಭಾಗಗಳಿವೆ, ವಾರಂಟಿ ಇದೆ, ಬಿಲ್ಲಿದೆ. ಮಿಸ್ತ್ರಿಯ ಬಳಿ ಇವು ಇಲ್ಲ. ಅವನಲ್ಲಿ ಉಳಿದಿರುವುದು ಬಿಚ್ಚಿದವನೇ ಎದುರು ನಿಂತು ಹೇಳುವ ಮಾತು. ಅದಕ್ಕೆ ಸ್ಕ್ಯಾನರ್ ಬೇಡ, ಕಾಯ್ದೆಯ ತಿದ್ದುಪಡಿ ಬೇಡ. ಗಾಡಿ ಒಪ್ಪಿಸುವಾಗ ಗಾಜಿನಾಚೆಯ ಹುಡುಗ, ಗ್ರೀಸಿನ ಕೈಯಲ್ಲೇ, ಐದು ನಿಮಿಷ ಹೊರಬಂದು ಏನು ಬಿಚ್ಚಿದೆ, ಏನು ಕಂಡೆ, ಏನು ಬಿಟ್ಟೆ ಎಂದು ಹೇಳಿದರೆ ಸಾಕು. ಆ ಐದು ನಿಮಿಷಕ್ಕೂ ಬಿಲ್ಲಿನಲ್ಲಿ ಲೇಬರ್ ಚಾರ್ಜ್ ಹಾಕಲಿ, 18 ಪ್ರತಿಶತ ಸೇರಿಸಿಯೇ ಹಾಕಲಿ. ಗೊಣಗದೆ ಕೊಡುವವರು ಪುಣೆಯಂಥ ಪುಣೆಯಲ್ಲೂ ಇದ್ದಾರೆ. ಕಾಫಿ ಯಂತ್ರಕ್ಕೆ ದುಡ್ಡು ಸುರಿಯುವ ಕಂಪನಿಗಳಿಗೆ ಇದು ಯಾಕೆ ಹೊಳೆದಿಲ್ಲ?