ಅಪ್ಪ ಅಂಟಿಸದೆ ಉಳಿಸಿದ ಪೋಸ್ಟರ್

ನಮ್ಮಪ್ಪ ಗುಂಡ್ಲುಪೇಟೆ ಸುತ್ತಮುತ್ತ ಟೂರಿಂಗ್ ಟಾಕೀಸಿನ ಪೋಸ್ಟರ್ ಅಂಟಿಸುತ್ತಿದ್ದರು. ಬೆಳಗಿನ ಜಾವ ಮೈದಾ ಹಿಟ್ಟನ್ನು ಗಂಜಿಯಂತೆ ಕಾಯಿಸಿ, ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಬೆರೆಸಿ, ಡಬ್ಬವನ್ನು ಸೈಕಲ್ಲಿಗೆ ನೇತುಹಾಕುತ್ತಿದ್ದರು. ಹಿಂದೆ ಕೂತ ನನ್ನ ತೊಡೆಯ ಮೇಲೆ ಪೋಸ್ಟರಿನ ಸುರುಳಿ. ಗೋಡೆಗೆ ಹತ್ತಿದ ಪೋಸ್ಟರಿಗೆ ಮಳೆ ಬಂದರೆ ಎರಡು ದಿನದ ಆಯಸ್ಸು, ಮೇಕೆ ಕಂಡರೆ ಅರ್ಧ ದಿನ!

ಎರಡನ್ನು ಮಾತ್ರ ಅಪ್ಪ ಅಂಟಿಸದೆ ಮಡಚಿ ಟ್ರಂಕಿನಲ್ಲಿಟ್ಟಿದ್ದರು. ಎರಡೂ 1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ದವು. ರಾಜ್‌ಕುಮಾರ್ ಅಂದರೆ ನಮ್ಮ ಕಡೆಯವರಿಗೆ ಗಾಜನೂರಿನ ಮುತ್ತುರಾಜ, ಮನೆಯ ಮಗ.

ಅಪ್ಪ ಹೋದ ಮೇಲೆ ಒಂದು ಪೋಸ್ಟರನ್ನು ನಾನೇ ಹಾಳು ಮಾಡಿದೆ. ಚೆನ್ನಾಗಿರಲೆಂದು ಲ್ಯಾಮಿನೇಷನ್ ಮಾಡಿಸಿದೆ. ಯಂತ್ರದ ಬಿಸಿಗೆ ಮಡಿಕೆಗಳು ಬಿರಿದವು, ಒಳಗೆ ಗುಳ್ಳೆ ಎದ್ದಿತು. ಪ್ಲಾಸ್ಟಿಕ್ ಬಿಡಿಸಲು ಹೋದರೆ ಬಣ್ಣವೇ ಕಿತ್ತು ಬಂತು.

ಮೊನ್ನೆ ಆರನೇ ಕ್ಲಾಸಿನ ಮೊಮ್ಮಗಳು ಉಳಿದೊಂದನ್ನು ಹಿಡಿದು, “ತಾತ, ಸೆಲ್ಲೋಟೇಪ್ ಹಾಕಿ ಗೋಡೆಗೆ ಅಂಟಿಸಲಾ?” ಅಂದಳು. ನಾನು ಗದರಿಬಿಟ್ಟೆ. ಅವಳ ಮುಖ ಸಣ್ಣದಾಯಿತು. ಸಮಾಧಾನಕ್ಕೆಂದು ಅವಳನ್ನೂ ಕರೆದುಕೊಂಡು ಚಾಮರಾಜನಗರದ ಬಸ್ಸು ಹತ್ತಿದೆ. ಪೋಸ್ಟರ್ ಎರಡು ರಟ್ಟಿನ ನಡುವೆ ಭದ್ರವಾಗಿತ್ತು.

ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿಯವರು, “ಹಿಂದಕ್ಕೆ ಪೂರ್ತಿ ಗೋಂದು ಬಳಿದು ಹಲಗೆಗೆ ಕೂರಿಸೋಣ, ನೀಟಾಗಿರುತ್ತೆ” ಎಂದು ಪೋಸ್ಟರನ್ನು ಮಗುಚಿದರು. ಹಿಂದೆ ಪೆನ್ಸಿಲ್ ಬರಹ: ತೆರಕಣಾಂಬಿ 2, ಬೇಗೂರು 3, ಹಂಗಳ 2. ಯಾವ ಊರಿಗೆ ಎಷ್ಟು ಪೋಸ್ಟರ್ ಎಂಬ ಲೆಕ್ಕ. ನಾನು ಇಷ್ಟು ವರ್ಷ ಅದನ್ನು ತಿರುಗಿಸಿ ನೋಡಿರಲೇ ಇಲ್ಲ. ಅಪ್ಪನ ಕೈಬರಹ ನಮ್ಮ ಮನೆಯಲ್ಲಿ ಬೇರೆಲ್ಲೂ ಇಲ್ಲ.

“ಗೋಂದು ಹಾಕಿದರೆ ಮುತ್ತಾತನ ಅಕ್ಷರ ಮುಚ್ಚಿಹೋಗುತ್ತಲ್ಲಾ?” ಅಂದಳು ಮೊಮ್ಮಗಳು.

ಅಂಗಡಿಯವರು ಸ್ವಲ್ಪ ಹೊತ್ತು ಯೋಚಿಸಿ ಬೇರೆ ದಾರಿ ಹೇಳಿದರು. ಹಿಂದೆ ಆಮ್ಲವಿಲ್ಲದ ರಟ್ಟು. ಮಾಮೂಲಿ ರಟ್ಟಿನ ಆಮ್ಲ ಕಾಗದವನ್ನು ಹಳದಿಯಾಗಿಸಿ ಪುಡಿಪುಡಿ ಮಾಡುತ್ತದೆ. ಪೋಸ್ಟರಿನ ಮೇಲಂಚಿಗೆ ಮಾತ್ರ ತೆಳು ಕಾಗದದ ಎರಡು ಪಟ್ಟಿ, ಕೀಲಿನ ಹಾಗೆ. ಅದಕ್ಕೆ ಗೋಧಿ ಪಿಷ್ಟ ಬೇಯಿಸಿದ ಅಂಟು. ಬೇಡವೆಂದಾಗ ಒಂದಿಷ್ಟು ತೇವ ಕೊಟ್ಟು ಬಿಡಿಸಬಹುದು. ಕೆಳಗಡೆ ಸಡಿಲ ಬಿಟ್ಟರೆ ಮಳೆಗಾಲದಲ್ಲಿ ಕಾಗದ ಹಿಗ್ಗಿದರೂ ಸುಕ್ಕಾಗದು. ಗಾಜು ತಾಗದಂತೆ ಸುತ್ತ ದಪ್ಪ ರಟ್ಟಿನ ಅಂಚು.

ನನಗೆ ನಗು ಬಂತು. ಅಪ್ಪನ ಮೈದಾ ಗಂಜಿಯ ತಮ್ಮನೇ ಈ ಅಂಟು! ಅವರು ಗೋಡೆ ಬಿಡದಂತೆ ಅಂಟಿಸುತ್ತಿದ್ದರು, ನಾವು ಬಿಡಿಸಲು ಬರುವಂತೆ ಅಂಟಿಸಿದೆವು.

ಈಗ ಅದು ನಮ್ಮ ನಡುಮನೆಯಲ್ಲಿದೆ. ಕಿಟಕಿಯ ಬಿಸಿಲು ಬೀಳದ, ಮಳೆಯ ತೇವ ಹಿಡಿಯದ ಒಳಗೋಡೆಯ ಮೇಲೆ. ಹಿಂಬದಿಯ ಫೋಟೊ ತೆಗೆದು ಪಕ್ಕದಲ್ಲೇ ಪುಟ್ಟ ಚೌಕಟ್ಟಿನಲ್ಲಿ ಹಾಕಿದ್ದೇವೆ. ಬಂದವರೆಲ್ಲ ರಾಜ್‌ಕುಮಾರರನ್ನು ನೋಡುತ್ತಾರೆ. ಮೊಮ್ಮಗಳು ಅವರ ಕೈಹಿಡಿದು ಪಕ್ಕಕ್ಕೆ ಎಳೆಯುತ್ತಾಳೆ: “ಇದು ನೋಡಿ, ನಮ್ಮ ಮುತ್ತಾತ ಬರೆದದ್ದು.”

ನಿಮ್ಮ ಮನೆಯ ಟ್ರಂಕಿನಲ್ಲೂ ಹಳೆಯ ಕಾಗದ ಇದ್ದೀತು. ಕಟ್ಟು ಹಾಕಿಸುವ ಮೊದಲು ಒಮ್ಮೆ ಮೆಲ್ಲಗೆ ಮಗುಚಿ ನೋಡಿ.