ಕೆಂಪನ್ನು ಒಳಬಿಡುವ ಕ್ಯಾಮೆರಾ

ಡಿಸೆಂಬರ್, ಮೊದಲ ವಾರ

ಗೆಳೆಯರೊಬ್ಬರು ತಮ್ಮ ನಿಕಾನ್ ಡಿ810ಎ ಕ್ಯಾಮೆರಾವನ್ನು ಮೂರು ತಿಂಗಳ ಮಟ್ಟಿಗೆ ನನಗೆ ಕೊಟ್ಟು ಹೋಗಿದ್ದಾರೆ. ನೋಡಲು ಥೇಟ್ ಡಿ810. ಹೆಸರಿನ ಕೊನೆಗೊಂದು ‘ಎ’ ಹೆಚ್ಚು, ಅಷ್ಟೇ. ಆಸ್ಟ್ರೊ ಎಂಬುದರ ಮೊದಲಕ್ಷರ. ಆಕಾಶದ ಚಿತ್ರಗಳಿಗೆಂದೇ ಮಾಡಿದ ಮೊದಲ ಫುಲ್‌ಫ್ರೇಮ್ ಡಿಎಸ್‌ಎಲ್‌ಆರ್ ಎಂದು 2015ರ ಫೆಬ್ರುವರಿಯಲ್ಲಿ ಇದನ್ನು ಪ್ರಕಟಿಸಿದ್ದರು. ಸಾಮಾನ್ಯ ಫೋಟೊಗಳಿಗೆ ಇದು ತಕ್ಕುದಲ್ಲ ಎಂದು ಮಾಡಿದ ಕಂಪನಿಯೇ ಹೇಳಿದೆ. ಬಿಡುಗಡೆಯಾದಾಗ ಅಮೆರಿಕದಲ್ಲಿ 3,800 ಡಾಲರ್ ಆಸುಪಾಸು ಇದ್ದ ವಸ್ತು. ಅಷ್ಟು ದುಡ್ಡು ಕೊಟ್ಟವರಿಗೆ ‘ಇದನ್ನು ಮದುವೆ ಮನೆಗೆ ಒಯ್ಯಬೇಡಿ’ ಎನ್ನಬೇಕಾದರೆ ಒಳಗೆ ಏನನ್ನು ಬದಲಿಸಿರಬಹುದು?

ಅದೇ ದಿನ, ಸಂಜೆ

ಬದಲಿಸಿರುವುದು ಮುಖ್ಯವಾಗಿ ಸೆನ್ಸರ್ ಮುಂದಿನ ಒಂದು ತೆಳುವಾದ ಗಾಜನ್ನು. ಸಿಲಿಕಾನ್ ನಮ್ಮ ಕಣ್ಣಿನ ಹಾಗಲ್ಲ. 700 ನ್ಯಾನೊಮೀಟರ್ ದಾಟಿದರೆ ನಮಗೆ ಕತ್ತಲೆ, ಅದಕ್ಕೆ 1,100ರ ತನಕ ಬೆಳಕೇ. ಹಾಗೇ ಬಿಟ್ಟರೆ ಮುಖ, ಬಟ್ಟೆ, ಹೂವು ಎಲ್ಲದರ ಬಣ್ಣ ಕೆಡುತ್ತದೆ. ಅದಕ್ಕೇ ಎಲ್ಲ ಮಾಮೂಲಿ ಕ್ಯಾಮೆರಾಗಳಲ್ಲೂ ಅವಕೆಂಪನ್ನು ತಡೆಯುವ ಫಿಲ್ಟರ್ ಇಟ್ಟಿರುತ್ತಾರೆ. ಆ ತಡೆ 700ರ ಬಳಿ ಗೋಡೆಯ ಹಾಗೆ ನಿಲ್ಲುವುದಿಲ್ಲ, ದಿಬ್ಬದ ಇಳಿಜಾರಿನ ಹಾಗೆ 600ರ ಆಚೀಚೆಯಿಂದಲೇ ಶುರುವಾಗುತ್ತದೆ. ನಮ್ಮ ಕಣ್ಣೂ ಹಾಗೇ ತಾನೆ. 656 ನ್ಯಾನೊಮೀಟರಿನ ಕೆಂಪಿಗೆ ಬರುವ ಹೊತ್ತಿಗೆ, ಹಸಿರನ್ನು ಕಾಣುವ ಶಕ್ತಿಯ ಹತ್ತರಲ್ಲೊಂದು ಪಾಲೂ ಉಳಿದಿರುವುದಿಲ್ಲ. ಕಣ್ಣಿಗೆ ಬೇಡದ್ದು ಕ್ಯಾಮೆರಾಕ್ಕೂ ಬೇಡ ಎಂದು ಎಲ್ಲರೂ ಒಪ್ಪಿಕೊಂಡಿದ್ದೇವೆ.

ಆದರೆ ತಾವೇ ಹೊಳೆಯುವ ನೀಹಾರಿಕೆಗಳು ಆಕಾಶದಲ್ಲಿ ಹೆಚ್ಚಾಗಿ ಹೊಳೆಯುವುದು ಆ 656ರಲ್ಲೇ. ಜಲಜನಕದ ಎಲೆಕ್ಟ್ರಾನು ಮೂರನೆಯ ಮಟ್ಟದಿಂದ ಎರಡನೆಯದಕ್ಕೆ ಇಳಿಯುವಾಗ ಹೊಮ್ಮುವ ಬೆಳಕು ಅದು, ಹೈಡ್ರೊಜನ್ ಆಲ್ಫಾ. ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವ ಧಾತುವಿನ ಬಣ್ಣವನ್ನೇ ನಮ್ಮ ಕ್ಯಾಮೆರಾಗಳು ಬಾಗಿಲಲ್ಲೇ ನಿಲ್ಲಿಸುತ್ತಾ ಬಂದಿವೆ. ಡಿ810ಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಾಗಿ ಡಿ810ಎ ಈ ಬೆಳಕನ್ನು ಒಳಬಿಡುತ್ತದೆ. ಅಂದರೆ ಇಷ್ಟು ವರ್ಷ ನಾನು ತೆಗೆದ ಆಕಾಶದ ಚಿತ್ರಗಳಲ್ಲಿ ಕಾಲು ಭಾಗವಷ್ಟೇ ದಾಖಲಾಗಿದೆಯೆ? ಇದು ತಲೆಯಿಂದ ಹೋಗುತ್ತಿಲ್ಲ.

ಚಳ್ಳಕೆರೆ ಕಡೆಯ ಹೊಲ, ಅಮಾವಾಸ್ಯೆಯ ಹಿಂದುಮುಂದು

ಶೇಂಗಾ ಕಿತ್ತು ಖಾಲಿಯಾದ ಹೊಲ. ದೂರದ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳ ಕೆಂಪು ದೀಪ ಮಿಣುಕುತ್ತಿವೆ. ಹೊಲದ ಯಜಮಾನರು ಮಧ್ಯಾಹ್ನವೇ ಬಂದು ಬದುವಿನ ಮೇಲೆ ಕೂತಿದ್ದರು, ಜೊತೆಗೆ ಮೊಮ್ಮಗಳು. ಕ್ಯಾಮೆರಾ ಹೊರಗೆ ತೆಗೆದಾಗ “ನಮ್ದೊಂದು ಹೊಡೀರಿ ಸ್ವಾಮಿ” ಅಂದರು. ಹೊಡೆದೆ. ಹುಡುಗಿ ಪರದೆಗೆ ಮೂಗು ತಾಗಿಸಿ ನೋಡಿ, “ತಾತಂಗೆ ಜ್ವರ ಬಂದಂಗೈತೆ” ಅಂದಳು. ನಿಜ. ಕೆನ್ನೆ, ಮೂಗಿನ ತುದಿ, ಕಿವಿಯ ಹಾಳೆ ಕೆಂಡ ಕಾಸಿಕೊಂಡವರ ಹಾಗೆ ಕೆಂಪೇರಿದ್ದವು. ಚರ್ಮ ಕಡುಗೆಂಪನ್ನು ಧಾರಾಳವಾಗಿ ಹಿಂದಕ್ಕೆ ಕಳಿಸುತ್ತದೆ. ಮಾಮೂಲಿ ಫಿಲ್ಟರ್ ಅದನ್ನು ನುಂಗಿ ನಮ್ಮನ್ನು ನಮ್ಮ ಹಾಗೆ ತೋರಿಸುತ್ತದೆ.

ಅವರ ಪಂಚೆಯ ಸೆರಗನ್ನೇ ಬಿಸಿಲಿಗೆ ಹಿಡಿಸಿ, ಆ ಬಿಳುಪನ್ನು ಆಧಾರವಾಗಿಟ್ಟು ವೈಟ್ ಬ್ಯಾಲೆನ್ಸ್ ಹೊಂದಿಸಿ ಇನ್ನೊಂದು ತೆಗೆದೆ. ಜ್ವರ ಬಹುಪಾಲು ಇಳಿಯಿತು, ಪೂರ್ತಿ ಇಳಿಯಲಿಲ್ಲ. ಹಾಗಾಗಿ ‘ಹಗಲು ಕೆಲಸಕ್ಕೆ ಬಾರದು’ ಎಂದು ಬರೆದುಕೊಂಡಿದ್ದನ್ನು ಹೊಡೆದುಹಾಕಿ ‘ಹಗಲು ಪರವಾಗಿಲ್ಲ, ಮುಖಗಳಿಗೆ ಬೇಡ’ ಎಂದು ತಿದ್ದಿದ್ದೇನೆ.

ಅದೇ ಹೊಲ, ರಾತ್ರಿ

ಆಕಾಶದ ಜೊತೆಗೇ ಕ್ಯಾಮೆರಾವನ್ನು ತಿರುಗಿಸುವ ಟ್ರ್ಯಾಕರ್ ಹೊಂದಿಸಲು ಧ್ರುವ ನಕ್ಷತ್ರ ಬೇಕು. ನಾವಿರುವ ಅಕ್ಷಾಂಶ 14 ಡಿಗ್ರಿ, ಆದ್ದರಿಂದ ಧ್ರುವ ನಕ್ಷತ್ರವೂ ದಿಗಂತದಿಂದ ಸುಮಾರು 14 ಡಿಗ್ರಿಯಷ್ಟೇ ಮೇಲೆ. ಧೂಳು, ಬೇವಿನ ಮರ, ಊರಿನ ದೀಪ ಎಲ್ಲ ಆ ಕಡೆಗೇ. ಅರ್ಧ ಗಂಟೆ ಹುಡುಕಿದೆ.

ಟ್ರ್ಯಾಕರ್ ಇಲ್ಲದಿದ್ದರೆ ಈ ಕ್ಯಾಮೆರಾದ ದೊಡ್ಡ ಹೆಮ್ಮೆಯೇ ವ್ಯರ್ಥ. ಡಿ810ರಲ್ಲಿ ಶಟರನ್ನು ಲೆಕ್ಕವಿಟ್ಟು ತೆರೆಯಬಹುದಾದ್ದು 30 ಸೆಕೆಂಡು. ಅದಕ್ಕಿಂತ ಹೆಚ್ಚು ಬೇಕಾದರೆ ಹೊತ್ತನ್ನು ನಾವೇ ಎಣಿಸಬೇಕು, ಇಲ್ಲವೆ ರಿಮೋಟ್ ತರಬೇಕು. ಡಿ810ಎಯಲ್ಲಿ 900 ಸೆಕೆಂಡಿನವರೆಗೂ ಕ್ಯಾಮೆರಾವೇ ಎಣಿಸುತ್ತದೆ. ಆದರೆ ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತಿದೆಯಲ್ಲ! 50 ಎಂಎಂ ಲೆನ್ಸಿನಲ್ಲಿ ಹತ್ತು ಸೆಕೆಂಡಿಗೇ ಚುಕ್ಕೆ ಗೆರೆಯಾಗುತ್ತದೆ, 3.63 ಕೋಟಿ ಪಿಕ್ಸೆಲ್ಲಿನ ಈ ಸೆನ್ಸರಿನಲ್ಲಿ ಇನ್ನೂ ಬೇಗ.

ಹನ್ನೊಂದರ ಹೊತ್ತಿಗೆ ಮಹಾವ್ಯಾಧ ನಕ್ಷತ್ರಪುಂಜ ನೆತ್ತಿಯ ಹತ್ತಿರ ಬಂತು. ಕ್ಯಾಮೆರಾ ಮೂತಿ ಮೇಲಕ್ಕೆ, ಹಿಂದಿನ ಪರದೆ ನೆಲಕ್ಕೆ. ಈ ಪರದೆ ಬಾಗುವುದಿಲ್ಲ! ಮೇಲಕ್ಕೇ ಮುಖ ಮಾಡಿರಬೇಕಾದ ಯಂತ್ರಕ್ಕೆ ಮಡಿಚುವ ಪರದೆ ಇಡಲಿಲ್ಲವೇಕೆ ಎಂದು ಎಷ್ಟು ಯೋಚಿಸಿದರೂ ತಿಳಿಯುತ್ತಿಲ್ಲ. 2012ರಲ್ಲೇ ಕ್ಯಾನನ್ ತನ್ನ 60ಡಿಎ ಎಂಬ ಆಕಾಶದ ಕ್ಯಾಮೆರಾಕ್ಕೆ ತಿರುಗಿಸಬಹುದಾದ ಪರದೆ ಕೊಟ್ಟಿತ್ತು. ಗುಂಡಿಗಳಿಗೆ ಒಳಗಿನಿಂದ ಬೆಳಕೂ ಇಲ್ಲ. ಕಂಬಳಿ ಹಾಸಿ, ಟ್ರೈಪಾಡಿನ ಅಡಿಗೆ ತಲೆ ತೂರಿಸಿ, ಬೆರಳಿನಲ್ಲಿ ತಡವುತ್ತಾ ಫೋಕಸ್ ಮಾಡಿದೆ. ಕೂಳೆಗಳು ಬೆನ್ನಿಗೆ ಚುಚ್ಚುತ್ತಿದ್ದವು. ಆದರೂ ಅದೇ ಪರದೆಯಲ್ಲಿ, 30 ಸೆಕೆಂಡಿಗಿಂತ ಉದ್ದದ ಚಿತ್ರ ಎಷ್ಟು ಬೆಳಗಬಹುದೆಂದು ಮೊದಲೇ ಅಂದಾಜಿಗೆ ತೋರಿಸುವ ಸೌಕರ್ಯ ಇದೆ. ವ್ಯೂಫೈಂಡರಿನೊಳಗಿನ ಮಟ್ಟದ ಗೆರೆಯನ್ನು, ಇರುಳಿಗೆ ಹೊಂದಿಕೊಂಡ ಕಣ್ಣು ಕೆಡದಿರಲೆಂದು ಕೆಂಪಾಗಿಸಿದ್ದಾರೆ. ಅಷ್ಟು ಸೂಕ್ಷ್ಮ ಯೋಚಿಸಿದವರು ಬೆನ್ನಿನ ವಿಷಯ ಯೋಚಿಸಲಿಲ್ಲ.

ಮೊದಲ ಚಿತ್ರ: 50 ಎಂಎಂ, ಎಫ್/4, ಐಎಸ್‌ಒ 1600, ಮೂರು ನಿಮಿಷ. ಪರದೆ ಬೆಳಗಿದಾಗ ನಾನು ಮಾತಾಡಲಿಲ್ಲ. ಮಹಾವ್ಯಾಧನ ಎಡ ಮಗ್ಗುಲನ್ನು ಬಳಸಿಕೊಂಡು ಒಂದು ಕೆಂಪು ಕಮಾನು, ಬಳೆಯ ಒಡೆದ ಚೂರಿನ ಹಾಗೆ. ಬಾರ್ನಾರ್ಡ್ ಲೂಪ್. ಆಕಾಶದಲ್ಲಿ ಸುಮಾರು ಹತ್ತು ಡಿಗ್ರಿ ಅಗಲ, ಅಂದರೆ ಇಪ್ಪತ್ತು ಹುಣ್ಣಿಮೆ ಚಂದ್ರರನ್ನು ಸಾಲಾಗಿ ನಿಲ್ಲಿಸಿದಷ್ಟು. ಅಷ್ಟು ದೊಡ್ಡದು ನೆತ್ತಿಯ ಮೇಲೇ ನಿಂತಿದೆ, ಕತ್ತೆತ್ತಿದರೆ ಏನೂ ಕಾಣದು. ಇರುಳಿನಲ್ಲಿ ಕೆಲಸ ಮಾಡುವ ನಮ್ಮ ಕಣ್ಣಿನ ಕೋಶಗಳಿಗೆ ಕಡುಗೆಂಪು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಖಗೋಳಜ್ಞ ಬಾರ್ನಾರ್ಡ್ ಕೂಡ 19ನೇ ಶತಮಾನದ ಕೊನೆಯಲ್ಲಿ ಇದನ್ನು ವಿವರಿಸಿದ್ದು ಫೋಟೊಗಳ ಆಧಾರದಿಂದಲೇ.

ಯಜಮಾನರು ಕಂಬಳಿಯ ಮೇಲೆ ನನ್ನ ಪಕ್ಕಕ್ಕೆ ಒರಗಿ ನೋಡಿದರು. ಕಮಾನಿನ ಪಕ್ಕದ ಕಿತ್ತಳೆ ಚುಕ್ಕಿ ತೋರಿಸಿ, ಇದು ಆರಿದ್ರೆ ಅಂದೆ. “ಆರಿದ್ರೆ ಮಳೆ ಅಂತಾರಲ್ಲ, ಅದೇಯಾ?” ಅದೇ. ಜೂನ್ ಕೊನೆಯಲ್ಲಿ ಸೂರ್ಯ ಆ ನಕ್ಷತ್ರದ ದಿಕ್ಕಿಗೆ ಬಂದಾಗ ಸುರಿಯುವ ಮಳೆಗೆ ಆ ಹೆಸರು, ಆಗ ನಕ್ಷತ್ರ ಬಿಸಿಲಿನಲ್ಲಿ ಮುಳುಗಿರುತ್ತದೆ. ಎಪ್ಪತ್ತು ವರ್ಷದಿಂದ ಅದರ ಹೆಸರಿನ ಮಳೆಗೆ ಕಾದವರು ಅದನ್ನು ಗುರುತಿಟ್ಟು ನೋಡಿದ್ದು ಇವತ್ತೇ ಮೊದಲಂತೆ. ಪರದೆ ಬಿಟ್ಟು ಬಹಳ ಹೊತ್ತು ಆಕಾಶವನ್ನೇ ನೋಡುತ್ತಿದ್ದರು.

ಜನವರಿ, ಮನೆಯಲ್ಲಿ

ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿದೆ. ಮಹಾವ್ಯಾಧನ ನಡುಪಟ್ಟಿಯ ಎಡತುದಿಯ ನಕ್ಷತ್ರದ ಕೆಳಗೆ, ಕೆಂಪು ಪರದೆಗೆ ಎದುರಾಗಿ ಉಗುರಿನಷ್ಟು ಕಪ್ಪು. ಕುದುರೆ ತಲೆ ನೀಹಾರಿಕೆ. 1888ರಲ್ಲಿ ಹಾರ್ವರ್ಡಿನಲ್ಲಿ ತೆಗೆದ ಗಾಜಿನ ಫಲಕವೊಂದರಲ್ಲಿ ಇದನ್ನು ಗುರುತಿಸಿದವರು ವಿಲಿಯಮೀನಾ ಫ್ಲೆಮಿಂಗ್. ಸ್ಕಾಟ್ಲೆಂಡಿನಿಂದ ಬಂದು, ವೀಕ್ಷಣಾಲಯದ ನಿರ್ದೇಶಕರ ಮನೆಗೆಲಸಕ್ಕೆ ಸೇರಿದ್ದ ಹೆಣ್ಣುಮಗಳು. ದೂರದರ್ಶಕಕ್ಕೆ ಕಣ್ಣಿಟ್ಟಲ್ಲ, ಫಲಕಕ್ಕೆ ಕಣ್ಣಿಟ್ಟು ಕಂಡರು. ಈ ಕ್ಯಾಮೆರಾದ ಮನೆತನ ಅಲ್ಲಿಂದಲೇ ಶುರುವಾಗುತ್ತದೆ ಎಂದು ನನ್ನ ಭಾವನೆ.

ಇನ್ನೂ ಹತ್ತಿರದಿಂದ ನೋಡಿದಾಗ ಒಂದು ಕೊರತೆ ಕಂಡಿತು. ಸೆನ್ಸರಿನ ಪ್ರತಿ ನಾಲ್ಕು ಪಿಕ್ಸೆಲ್ಲಿನಲ್ಲಿ ಎರಡರ ಮೇಲೆ ಹಸಿರು ಗಾಜು, ಒಂದರ ಮೇಲೆ ನೀಲಿ, ಒಂದರ ಮೇಲೆ ಕೆಂಪು. ಹೈಡ್ರೊಜನ್ ಕೆಂಪು ಬಂದಾಗ ದುಡಿಯುವುದು ಆ ಒಂದೇ. ಮಿಕ್ಕ ಮೂರು ಹೆಚ್ಚುಕಮ್ಮಿ ಕೈಕಟ್ಟಿ ಕೂರುತ್ತವೆ. 3.63 ಕೋಟಿಯಲ್ಲಿ ಕೆಲಸಕ್ಕೆ ಬಂದದ್ದು ಬರೀ 90 ಲಕ್ಷ! ಮುಂದಿನ ಬಾಗಿಲು ತೆರೆದವರು ಒಳಗಿನ ಬಾಗಿಲು ಮುಚ್ಚಿಯೇ ಇಟ್ಟರು. ಪೆಂಟಾಕ್ಸ್ 2023ರಲ್ಲಿ ಕೆ-3 ಮಾರ್ಕ್ 3 ಮೊನೊಕ್ರೋಮ್ ತಂದಾಗ ಬಣ್ಣದ ಗಾಜುಗಳನ್ನೇ ತೆಗೆದುಬಿಟ್ಟಿತು, ಆದರೆ ಬಣ್ಣವೂ ಹೋಯಿತು. ಒಂದನ್ನು ಹಿಡಿಯಲು ಹೋದರೆ ಇನ್ನೊಂದು ಕೈಬಿಡುವುದನ್ನು ಈ ಜಾತಿಯ ಎಲ್ಲ ಕ್ಯಾಮೆರಾಗಳಲ್ಲೂ ನೋಡುತ್ತಿದ್ದೇನೆ.

ಶಿವರಾತ್ರಿ

ಊರಿನ ಗುಡಿಯಲ್ಲಿ ಭಜನೆ, ಹೇಗೂ ಎಲ್ಲರಿಗೂ ಜಾಗರಣೆ. ಸೆಕೆ ಶುರುವಾಗಿದೆ. ಚಿತ್ರದ ತುಂಬ ಎಳ್ಳು ಚೆಲ್ಲಿದ ಹಾಗೆ ಬಣ್ಣಬಣ್ಣದ ಚುಕ್ಕೆಗಳು, ನಕ್ಷತ್ರಗಳಲ್ಲ. ಸೆನ್ಸರಿನ ಬಿಸಿಯಿಂದ ಹುಟ್ಟುವ ಗದ್ದಲ, ಆರೇಳು ಡಿಗ್ರಿ ಏರಿದರೆ ಹೆಚ್ಚುಕಮ್ಮಿ ಇಮ್ಮಡಿಯಾಗುತ್ತದೆ. ಇದೇ ಕೆಲಸಕ್ಕೆಂದು ಮಾಡುವ ವೀಕ್ಷಣಾ ಕ್ಯಾಮೆರಾಗಳಲ್ಲಿ ಸೆನ್ಸರ್ ತಣಿಸುವ ಏರ್ಪಾಡಿರುತ್ತದೆ, ಇದರಲ್ಲಿ ಇಲ್ಲ. ಹಿಮ ಬೀಳುವ ದೇಶದಲ್ಲಿ ಗಾಳಿಯೇ ಆ ಕೆಲಸ ಮಾಡಿಕೊಡುತ್ತದೆ. ನಮ್ಮ ಬಯಲುಸೀಮೆಯಲ್ಲಿ ಡಿಸೆಂಬರ್, ಜನವರಿ ಬಿಟ್ಟರೆ ಕಷ್ಟ. ಕ್ಯಾಮೆರಾವೇ ಗದ್ದಲ ಕಳೆಯಲಿ ಎಂದು ಬಿಟ್ಟರೆ, ಹದಿನೈದು ನಿಮಿಷದ ಚಿತ್ರದ ಬೆನ್ನಿಗೇ ಶಟರ್ ಮುಚ್ಚಿಕೊಂಡು ಇನ್ನೂ ಹದಿನೈದು ನಿಮಿಷದ ಕಪ್ಪು ಚಿತ್ರ ತೆಗೆದು ಕಳೆಯುತ್ತದೆ. ಅರ್ಧ ರಾತ್ರಿ ಅದಕ್ಕೇ ಹೋಯಿತು.

ನಡುರಾತ್ರಿ ದಾಟಿದ ಮೇಲೆ ದಕ್ಷಿಣದಲ್ಲಿ ದಿಗಂತಕ್ಕೆ ಅಂಟಿಕೊಂಡ ಹಾಗೆ ಕರೀನಾ ನೀಹಾರಿಕೆ. ಬರೀ 16 ಡಿಗ್ರಿ ಎತ್ತರ. ಮಸುಕು ಮಂಜಿನೊಳಗಿಂದಲೂ ಕೆಂಪು ಸಿಕ್ಕಿತು. ಈ ಕ್ಯಾಮೆರಾ ಮಾಡಿದವರ ಟೋಕಿಯೊದಲ್ಲಿ ಇದು ಹುಟ್ಟುವುದೇ ಇಲ್ಲ. ಧ್ರುವ ನಕ್ಷತ್ರಕ್ಕಾಗಿ ಅಷ್ಟು ಒದ್ದಾಡಿಸುವ ಅದೇ 14 ಡಿಗ್ರಿ ಅಕ್ಷಾಂಶ ಇದನ್ನು ಕೊಡುತ್ತದೆ.

ಕ್ಯಾಮೆರಾ ಹಿಂದಿರುಗಿಸುವ ದಿನ

ಕೊಳ್ಳಬಹುದಾ ಎಂದು ಊರಿನ ಕಾಲೇಜು ಹುಡುಗರಿಬ್ಬರು ಕೇಳಿದರು. ಹಳೆಯದೊಂದು ಸಾಧಾರಣ ಡಿಎಸ್‌ಎಲ್‌ಆರ್ ಕೊಂಡು ಬಲ್ಲವರಿಂದ ಫಿಲ್ಟರ್ ಬದಲಿಸಿಕೊಳ್ಳಿ, ಕಾಸು ಉಳಿಯುತ್ತದೆ, ಉಳಿದದ್ದರಲ್ಲಿ ಟ್ರ್ಯಾಕರ್ ತಗೊಳ್ಳಿ ಎಂದೆ. ಮನಸ್ಸಿನಿಂದ ಹೇಳಿದ ಮಾತು ಅದು. ಆದರೂ ನನ್ನನ್ನೇ ಕೇಳಿದ್ದರೆ ಇಟ್ಟುಕೊಳ್ಳುತ್ತಿದ್ದೆ. ಲ್ಯಾಪ್‌ಟಾಪ್, ವೈರು, ಕಾರಿನ ಬ್ಯಾಟರಿ ಏನೂ ಬೇಡದೆ, ಒಂದು ಚೀಲ, ಒಂದು ಕಂಬಳಿ ಹೊತ್ತು ಹೊಲಕ್ಕೆ ಹೋಗಿ ಮೂರು ನಿಮಿಷದಲ್ಲಿ ಆ ಕಮಾನನ್ನು ತೋರಿಸುವ ಇನ್ನೊಂದು ಕ್ಯಾಮೆರಾ ನನ್ನ ಕೈಗೆ ಸಿಕ್ಕಿಲ್ಲ. ನಿಕಾನ್ ಇಂಥ ಇನ್ನೊಂದು ಡಿಎಸ್‌ಎಲ್‌ಆರ್ ಮಾಡಲೇ ಇಲ್ಲ.

ಎರಡು ದಿನ ಬಿಟ್ಟು

ಕಾಲು ಭಾಗದ ಲೆಕ್ಕ ಮತ್ತೆ ಕಾಡಿತು. ಕಾಲು ಭಾಗವೆಂದರೆ ಸೊನ್ನೆಯಲ್ಲವಲ್ಲ. 2019ರ ಡಿಸೆಂಬರಿನಲ್ಲಿ ನನ್ನ ಹಳೆಯ ಮಾಮೂಲಿ ಕ್ಯಾಮೆರಾದಲ್ಲಿ ತೆಗೆದ ಮಹಾವ್ಯಾಧನ ಫೈಲುಗಳನ್ನು ಹುಡುಕಿ ತೆಗೆದೆ. ಅಚ್ಚು ಹಾಕಿಸಿ ಗೋಡೆಗೆ ತೂಗುಹಾಕಿದ ಚಿತ್ರದಲ್ಲಿ ಎಡಗಡೆ ಶುದ್ಧ ಕಪ್ಪು. ತಿದ್ದದ ಮೂಲ ಫೈಲುಗಳು ಅರವತ್ತು ಇದ್ದವು. ಎಲ್ಲವನ್ನೂ ಒಂದರ ಮೇಲೊಂದು ಕೂಡಿಸಿ, ಕೆಂಪನ್ನು ಮಾತ್ರ ಬೇರ್ಪಡಿಸಿ, ಮೆಲ್ಲಗೆ ಏರಿಸುತ್ತಾ ಹೋದೆ. ಎಡ ಅಂಚಿನಲ್ಲಿ ಒಂದು ಮಸುಕು ಬಿಲ್ಲು ಮೂಡಿತು. ಗುರುತು ಹತ್ತಿತು. ಆಗ ಅದನ್ನು ಲೆನ್ಸಿನ ದೋಷವೆಂದುಕೊಂಡು, ಒಂದು ಭಾನುವಾರ ಪೂರ್ತಿ ಕೂತು ನಾನೇ ಒರೆಸಿದ್ದೆ.