ಇನ್ನೂ ಹುಟ್ಟದ ಮರಿಯ ಜಾಹೀರಾತು

ನ್ಯೂಜಿಲೆಂಡಿನ ಕ್ಯಾಂಟರ್ಬರಿ ಬಯಲಿಗೆ ವಸಂತ ಬರುವುದು ಸೆಪ್ಟೆಂಬರ್ ತಿಂಗಳಿಗೆ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ವಸಂತ ಬಂತೆಂದರೆ ಹುಲ್ಲು ಚಿಗುರುವ ಹೊತ್ತಿಗೇ ಪತ್ರಿಕೆಯ ಅಂಕಣಗಳಲ್ಲಿ ಕುದುರೆಗಳು ಚಿಗುರುತ್ತಿದ್ದವು. 1851ರಲ್ಲಿ ಶುರುವಾದ ‘ಲಿಟಲ್ಟನ್ ಟೈಮ್ಸ್’, 1861ರಲ್ಲಿ ಶುರುವಾದ ‘ದಿ ಪ್ರೆಸ್’, ಆಮೇಲೆ ಆಶ್‌ಬರ್ಟನ್, ಟಿಮರು ಊರುಗಳ ಸಣ್ಣ ಪತ್ರಿಕೆಗಳು: ಎಲ್ಲದರಲ್ಲೂ ಒಂದರ ಕೆಳಗೊಂದು ಬೀಜದ ಕುದುರೆಗಳ ಜಾಹೀರಾತು. ಆ ದೇಶದ ರಾಷ್ಟ್ರೀಯ ಗ್ರಂಥಾಲಯ ಹಳೆಯ ಪತ್ರಿಕೆಗಳನ್ನು ‘ಪೇಪರ್ಸ್ ಪಾಸ್ಟ್’ ಎಂಬ ಹೆಸರಿನಲ್ಲಿ ಎಲ್ಲರಿಗೂ ಓದಲು ತೆರೆದಿಟ್ಟಿದೆ. ಅದರೊಳಗೆ ಹೊಕ್ಕಾಗಲೆಲ್ಲ ನಾನು ರಾಜಕೀಯದ ಪುಟ ದಾಟಿ ಈ ಅಂಕಣಗಳಿಗೇ ಬಂದು ಕೂರುತ್ತೇನೆ. ಬರಹಗಾರರಲ್ಲದ ರೈತರು ಇಷ್ಟು ಮನಸ್ಸಿಟ್ಟು ಬರೆದದ್ದನ್ನು ಬೇರೆಲ್ಲೂ ಓದಿದ ನೆನಪಿಲ್ಲ.

ಜಾಹೀರಾತಿನ ನೆತ್ತಿಯ ಮೇಲೆ ಒಂದು ಕುದುರೆಯ ಚಿತ್ರ. ಮುದ್ರಣಾಲಯದಲ್ಲಿ ಸಿದ್ಧವಾಗಿರುತ್ತಿದ್ದ ಅಚ್ಚು ಅದು. ಈ ರೈತನ ಕಂದು ಕುದುರೆಗೂ ಪಕ್ಕದ ಊರಿನವನ ಕಪ್ಪು ಕುದುರೆಗೂ ಅದೇ ಚಿತ್ರ ನಡೆಯುತ್ತಿತ್ತು. ಹೀಗೆ ಚಿತ್ರಕ್ಕೆ ಸಾಧ್ಯವಾಗದ್ದನ್ನು ಮಾತೇ ಮಾಡಬೇಕಾಗಿತ್ತು. ಅದಕ್ಕೇ ಕೆಳಗಿನ ಸಾಲುಗಳಲ್ಲಿ ಅಷ್ಟೊಂದು ಜತನ. ಮೊದಲು ಕುದುರೆಯ ಹೆಸರು, ದಪ್ಪಕ್ಷರದಲ್ಲಿ. ಆಮೇಲೆ ಬಣ್ಣ, ವಯಸ್ಸು, ಎತ್ತರ. ಎತ್ತರವನ್ನು ‘ಹ್ಯಾಂಡ್’ ಲೆಕ್ಕದಲ್ಲಿ ಹೇಳುತ್ತಿದ್ದರು, ಒಂದು ಹ್ಯಾಂಡ್ ಎಂದರೆ ನಾಲ್ಕು ಅಂಗುಲ. ಹದಿನಾರು, ಹದಿನೇಳು ಹ್ಯಾಂಡ್ ಎತ್ತರದ, ಭಾರ ಎಳೆಯುವ ಕ್ಲೈಡ್ಸ್‌ಡೇಲ್ ತಳಿಯ ಕುದುರೆ ಎಂದರೆ ಬೆನ್ನು ಆಳೆತ್ತರಕ್ಕೆ ಹತ್ತಿರ ಬರುವ ಪ್ರಾಣಿ. ಮುಂದೆ ಕಾಲಿನ ಮೂಳೆ ಚಪ್ಪಟೆಯಾಗಿ ಗಟ್ಟಿಯಾಗಿದೆಯೇ, ಗೊರಸು ಒಳ್ಳೆಯದೇ, ಮೊಣಕಾಲಿನ ಕೆಳಗೆ ಇಳಿಬಿದ್ದ ಕೂದಲು ರೇಷ್ಮೆಯಂತಿದೆಯೇ ಎಂಬ ವಿವರ. ಕೊನೆಗೆ ಸ್ವಭಾವ: ಸಾಧು, ನೊಗಕ್ಕೆ ಒಗ್ಗಿದವನು, ಮಕ್ಕಳೂ ಹತ್ತಿರ ಹೋಗಬಹುದು. ಇದನ್ನೆಲ್ಲ ಓದುವವರು ಕುದುರೆಯ ಜೊತೆಗೇ ಬೆಳೆದವರು. ಅವರ ಎದುರು ಉತ್ಪ್ರೇಕ್ಷೆ ಬಹಳ ದಿನ ಬಾಳುತ್ತಿರಲಿಲ್ಲ.

ಆ ಬಯಲಿಗೆ ಅಂಥ ಕುದುರೆಯ ಅಗತ್ಯ ಏನಿತ್ತೆಂದು ಸ್ವಲ್ಪ ಹೇಳಬೇಕು. ನ್ಯೂಜಿಲೆಂಡಿನಲ್ಲಿ ಮೊದಲು ಕುದುರೆಯೇ ಇರಲಿಲ್ಲ. 1814ರಲ್ಲಿ ಪಾದ್ರಿ ಸ್ಯಾಮ್ಯುಯೆಲ್ ಮಾರ್ಸ್‌ಡನ್ ಸಿಡ್ನಿಯಿಂದ ತಂದಿಳಿಸಿದವೇ ಅಲ್ಲಿನ ಮೊದಲ ಕುದುರೆಗಳು. ಇಂಗ್ಲೆಂಡಿನಿಂದ ಹೊರಟ ನಾಲ್ಕು ಹಡಗುಗಳು 1850ರ ಡಿಸೆಂಬರಿನಲ್ಲಿ ಲಿಟಲ್ಟನ್ ಬಂದರಿಗೆ ಬಂದು ಕ್ಯಾಂಟರ್ಬರಿಯ ವಸಾಹತು ಆರಂಭವಾಯಿತು. ಮೊದಲು ಕುರಿ, ಆಮೇಲೆ ಗೋಧಿ. ವಯ್‌ಮಕರಿರಿ, ರಕಾಯ, ರಂಗಿತಾತ ನದಿಗಳ ನಡುವಿನ ಸಮತಟ್ಟು ನೆಲದಲ್ಲಿ ಗೋಧಿ ಹಬ್ಬಿದಂತೆ ಎತ್ತಿನ ನಿಧಾನ ಸಾಲದಾಯಿತು. ಮೂರು ಗುಳದ ನೇಗಿಲಿಗೆ ಕುದುರೆಗಳ ದೊಡ್ಡ ತಂಡ, ಕೊಯ್ದು ಕಟ್ಟುವ ಯಂತ್ರಕ್ಕೆ ಇನ್ನೊಂದು ತಂಡ, ರೈಲು ನಿಲ್ದಾಣಕ್ಕೆ ಚೀಲ ಸಾಗಿಸುವ ಗಾಡಿಗೆ ಮತ್ತೊಂದಿಷ್ಟು. ಹೊಲದ ಬಲವೆಲ್ಲ ಕುದುರೆಯ ಹೆಗಲಲ್ಲಿತ್ತು. ಆ ಬಲ ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಹುಟ್ಟಬೇಕು. ಪ್ರತಿಯೊಬ್ಬ ರೈತನೂ ಒಳ್ಳೆಯ ಗಂಡು ಕುದುರೆ ಸಾಕಲು ಶಕ್ತನಾಗಿರಲಿಲ್ಲ. ಆದ್ದರಿಂದ ಒಬ್ಬನ ಗಂಡು ಕುದುರೆ ಇಡೀ ಸೀಮೆಯ ಹೆಣ್ಣು ಕುದುರೆಗಳಿಗೆ ಆಗಬೇಕಾಗಿತ್ತು.

ಜಾಹೀರಾತಿನಲ್ಲಿ ಹೆಚ್ಚು ಜಾಗ ತಿನ್ನುತ್ತಿದ್ದದ್ದು ವಂಶಾವಳಿ. ತಂದೆ ಯಾರು, ತಾಯಿಯ ತಂದೆ ಯಾರು, ಅವನ ತಂದೆ ಯಾರು. ಎಳೆ ಹಿಡಿದು ಹೋದರೆ ಕೊನೆಗೆ ತಲುಪುವುದು ಸ್ಕಾಟ್ಲೆಂಡಿಗೆ. ಅಲ್ಲಿ 1866ರಲ್ಲಿ ಹುಟ್ಟಿದ ‘ಪ್ರಿನ್ಸ್ ಆಫ್ ವೇಲ್ಸ್’, 1872ರಲ್ಲಿ ಹುಟ್ಟಿದ ‘ಡಾರ್ನ್‌ಲೇ’ ಎಂಬ ಎರಡು ಕುದುರೆಗಳ ಸಂತತಿಯನ್ನು ಬೆರೆಸಿಯೇ ಇಂದಿನ ಕ್ಲೈಡ್ಸ್‌ಡೇಲ್ ತಳಿ ಗಟ್ಟಿಗೊಂಡಿತು. 1877ರಲ್ಲಿ ತಳಿಯ ಸಂಘ ಹುಟ್ಟಿ, ಮರುವರ್ಷ ವಂಶಾವಳಿಯ ಮೊದಲ ಸಂಪುಟ ಅಚ್ಚಾಯಿತು. ಅದರಲ್ಲಿ ಪ್ರಿನ್ಸ್ ಆಫ್ ವೇಲ್ಸ್‌ಗೆ 673, ಡಾರ್ನ್‌ಲೇಗೆ 222 ಎಂಬ ಅಂಕಿ. ಅಲ್ಲಿಂದಾಚೆಗೆ ಭೂಮಿಯ ಇನ್ನೊಂದು ತುದಿಯ ರೈತನೂ ಹೆಸರಿನ ಪಕ್ಕದ ಅಂಕಿ ನೋಡಿ ಇದು ಇಂಥವನ ಮೊಮ್ಮಗ ಎಂದು ಗುರುತಿಸಬಲ್ಲವನಾದ. ಹಾಯಿ ಹಡಗಿನಲ್ಲಿ ಮೂರು ತಿಂಗಳು ಹೊಯ್ದಾಡಿಕೊಂಡು ಬದುಕಿ ಬಂದ ಒಂದು ಗಂಡು ಕುದುರೆ, ಇಳಿದ ನೆಲದಲ್ಲಿ ನೂರಾರು ಮರಿಗಳಿಗೆ ಅಜ್ಜನಾಗುತ್ತಿತ್ತು.

ನನ್ನ ಮನಸ್ಸು ಸೋಲುವುದು ಜಾಹೀರಾತಿನ ಕೊನೆಯ ಭಾಗಕ್ಕೆ, ಪಯಣದ ಪಟ್ಟಿಗೆ. ಸೋಮವಾರ ಬೆಳಿಗ್ಗೆ ಮನೆಯಿಂದ ಹೊರಟು ಮಧ್ಯಾಹ್ನ ಇಂಥ ಹೋಟೆಲಿನಲ್ಲಿ ತಂಗುವನು, ರಾತ್ರಿ ಇಂಥವರ ತೋಟದ ಮನೆ, ಮಂಗಳವಾರ ಸೇತುವೆಯ ಆಚೆಯ ಊರು, ಬುಧವಾರ ಸಂತೆ, ಶನಿವಾರ ಮರಳಿ ಮನೆ. ಬೀಜದ ಕುದುರೆ ಹೀಗೆ ವಾರವಾರವೂ ಅದೇ ದಾರಿಯಲ್ಲಿ ಡಿಸೆಂಬರಿನವರೆಗೂ ತಿರುಗುತ್ತಿತ್ತು. ಮೇಲುನೋಟಕ್ಕೆ ಇದು ರೈಲಿನ ವೇಳಾಪಟ್ಟಿ. ಅದರ ಒಳಗಿರುವುದು ಹೆಣ್ಣು ಕುದುರೆಯ ಮೈಯ ಲೆಕ್ಕ. ಹಗಲು ದೊಡ್ಡದಾಗುತ್ತ ಬಂದಂತೆ ಅದು ಬೆದೆಗೆ ಬರುತ್ತದೆ; ಬೆದೆ ಐದಾರು ದಿನ ನಿಲ್ಲುತ್ತದೆ; ಗರ್ಭ ಕಟ್ಟದಿದ್ದರೆ ಸುಮಾರು ಇಪ್ಪತ್ತೊಂದು ದಿನಕ್ಕೆ ಮತ್ತೆ ಬರುತ್ತದೆ. ಮರಿ ಹಾಕಿದ ತಾಯಿ ಒಂಬತ್ತು ಹತ್ತು ದಿನಕ್ಕೇ ಬೆದೆ ತೋರಿಸುವುದುಂಟು. ಹಾಗಾಗಿ ವಾರಕ್ಕೊಮ್ಮೆ ತಪ್ಪದೆ ಬರುವ ಗಂಡು ಕುದುರೆಗೆ ಯಾವ ಹೆಣ್ಣಿನ ಹದವೂ ಪೂರ್ತಿ ಕೈತಪ್ಪುತ್ತಿರಲಿಲ್ಲ. ಪಶುವೈದ್ಯರು ವಿರಳವಾಗಿದ್ದ ಸೀಮೆಯಲ್ಲಿ ಈ ಜ್ಞಾನವೆಲ್ಲ ವಾರದ ಹೆಸರುಗಳಾಗಿ ಅಚ್ಚಾಗಿದೆ.

ಕುದುರೆಯ ಜೊತೆ ಹೋಗುವವನು ಒಬ್ಬ ಆಳು. ತಾನೊಂದು ಸಣ್ಣ ಕುದುರೆಯ ಮೇಲೆ ಕೂತು, ಒಂದು ಟನ್ನಿನ ಹತ್ತಿರ ತೂಗುವ ಗಂಡನ್ನು ಪಕ್ಕದಲ್ಲಿ ಹಗ್ಗ ಹಿಡಿದು ನಡೆಸಬೇಕು. ದಾರಿಯಲ್ಲಿ ಕಾಣುವ ಪ್ರತಿ ಹೆಣ್ಣು ಕುದುರೆಗೂ ಕೆನೆಯುವ ಅದನ್ನು ಸೇತುವೆ ದಾಟಿಸಬೇಕು, ಹೊಳೆ ಹಾಯಿಸಬೇಕು, ರಾತ್ರಿ ಮೈ ಉಜ್ಜಬೇಕು, ಕೂದಲು ತೊಳೆದು ಬಾಚಬೇಕು, ಬೆಳಿಗ್ಗೆ ಬಾಲಕ್ಕೂ ಜೂಲಿಗೂ ಬಣ್ಣದ ಪಟ್ಟಿ ಹೆಣೆಯಬೇಕು. ಹೆಣ್ಣು ಒಪ್ಪುತ್ತದೋ ಒದೆಯುತ್ತದೋ ಎಂದು ಮೊದಲು ಅಡ್ಡ ಮರದ ಆಚೀಚೆ ನಿಲ್ಲಿಸಿ ನೋಡುವವನೂ ಅವನೇ. ಲೆಕ್ಕದ ಪುಸ್ತಕವೂ ಅವನ ಜೇಬಿನಲ್ಲಿ. ಜಾಹೀರಾತಿನಲ್ಲಿ ಕುದುರೆಯ ಮುತ್ತಾತನ ಹೆಸರಿರುತ್ತದೆ, ಇವನ ಹೆಸರು ಬಹಳ ಸಲ ಇರುವುದಿಲ್ಲ. ಆದರೆ ಇವನಿಗೆಂದೇ ಬೇರೆ ಶುಲ್ಕದ ಸಾಲೊಂದು ಇರುತ್ತದೆ, ಹಲವು ಕಡೆ ಐದು ಶಿಲಿಂಗ್. ಆ ಸಾಲು ಕಂಡಾಗ ನನಗೆ ಸಮಾಧಾನವಾಗುತ್ತದೆ.

ಋತು ಶುರುವಾಗುವ ಮೊದಲು ಊರಿನ ನಡುವೆ ಗಂಡು ಕುದುರೆಗಳ ಮೆರವಣಿಗೆ ನಡೆಯುತ್ತಿತ್ತು. ಓದಿದ್ದನ್ನು ಕಣ್ಣಾರೆ ಅಳೆದು ನೋಡುವ ದಿನ ಅದು. ನಮ್ಮ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಯ ಸುತ್ತ ನಿಂತವರು ಹಲ್ಲು, ಗೊರಸು, ಸುಳಿ ನೋಡುತ್ತ ಮಾತು ಕಡಿಮೆ ಮಾಡುವ ಹಾಗೆ, ಅಲ್ಲಿಯೂ ರೈತರು ಕುದುರೆಯ ಕಾಲಿನ ಕಡೆ ಬಗ್ಗಿ ತುಂಬ ಹೊತ್ತು ಸುಮ್ಮನೆ ನೋಡುತ್ತಿದ್ದಿರಬೇಕು. ಒಳ್ಳೆಯ ಮಾಲೀಕ ಜಾಹೀರಾತಿನಲ್ಲೇ ಕರೆ ಕೊಡುತ್ತಿದ್ದ: ಕುದುರೆಯನ್ನಷ್ಟೇ ಅಲ್ಲ, ಹೋದ ವರ್ಷ ಈ ಸೀಮೆಯಲ್ಲಿ ಹುಟ್ಟಿದ ಅದರ ಮರಿಗಳನ್ನು ಹೋಗಿ ನೋಡಿ ಎಂದು.

ಆ ಕರೆಯ ಹಿಂದೆ ದೊಡ್ಡ ಕಾರಣವಿದೆ. ಹೆಣ್ಣು ಕುದುರೆ ಗರ್ಭ ಹೊರುವುದು ಹನ್ನೊಂದು ತಿಂಗಳು. ಹುಟ್ಟಿದ ಮರಿ ಪಳಗಿ ನೇಗಿಲಿಗೆ ಪೂರ್ತಿ ಹೆಗಲು ಕೊಡಲು ಮೂರು ನಾಲ್ಕು ವರ್ಷ ಬೇಕು. ಇಂದು ಗಿನಿಗಳಲ್ಲಿ ಕೊಟ್ಟ ಹಣ ಸಾರ್ಥಕವಾಯಿತೋ ಇಲ್ಲವೋ ತಿಳಿಯುವುದು ಐದನೆಯ ವರ್ಷದ ಉಳುಮೆಯಲ್ಲಿ. ಕೊಳ್ಳುವವನ ಕೈಗೆ ಆ ದಿನ ಏನೂ ಬರುವುದಿಲ್ಲ, ಒಂದು ಸಾಧ್ಯತೆ ಬರುತ್ತದೆ. ಅದಕ್ಕೆ ತಕ್ಕಂತೆ ಷರತ್ತುಗಳೂ ಇರುತ್ತಿದ್ದವು: ಗರ್ಭ ನಿಂತದ್ದು ಖಾತ್ರಿಯಾದರೆ ಮಾತ್ರ ಹಣ ಎಂಬ ಕರಾರು, ಒಬ್ಬನದೇ ಹಲವು ಕುದುರೆಗಳಿದ್ದರೆ ರಿಯಾಯಿತಿ, ಹುಲ್ಲುಗಾವಲು ಉಚಿತ, ಎಚ್ಚರಿಕೆ ವಹಿಸುತ್ತೇವೆ ಆದರೆ ಅನಾಹುತಕ್ಕೆ ಹೊಣೆಯಲ್ಲ ಎಂಬ ಮಾತು. ಮಾರುವವನೂ ಕೊಳ್ಳುವವನೂ ಮುಂದಿನ ಐದು ವರ್ಷ ಅದೇ ಸಂತೆಯಲ್ಲಿ ಎದುರಾಗಲೇಬೇಕು. ಆ ಸಾಲುಗಳ ಪ್ರಾಮಾಣಿಕತೆಯನ್ನು ಕಾಯ್ದದ್ದು ಈ ನೆರೆಹೊರೆ.

ಇಷ್ಟು ಪ್ರೀತಿಯಿಂದ ಓದುವಾಗಲೂ ಒಂದು ನೋವು ನನ್ನನ್ನು ಬಿಡುವುದಿಲ್ಲ. ಆ ಬಯಲು ಖಾಲಿ ಇರಲಿಲ್ಲ. 1848ರ ಕೆಂಪ್ ಒಪ್ಪಂದದಲ್ಲಿ ನಾಯ್ ತಾಹು ಎಂಬ ಮಾವೊರಿ ಕುಲದವರಿಂದ ದಕ್ಷಿಣ ದ್ವೀಪದ ಅತಿ ದೊಡ್ಡ ಭಾಗವನ್ನು ಬ್ರಿಟಿಷ್ ಸರ್ಕಾರ 2,000 ಪೌಂಡಿಗೆ ಪಡೆಯಿತು. ಅವರಿಗೆಂದು ಬಿಡುತ್ತೇವೆಂದ ನೆಲವನ್ನು ಸರಿಯಾಗಿ ಬಿಡಲಿಲ್ಲ. ಮಾವೊರಿಗಳಿಗೆ ವಂಶಾವಳಿಯೇ ನೆಲದ ಹಕ್ಕಿನ ಬೇರು. ತಲೆಮಾರುಗಳನ್ನು ಬಾಯಲ್ಲಿ ಎಣಿಸಬಲ್ಲ ಜನ ಅವರು. ಕುದುರೆಯ ಮೂರು ತಲೆಮಾರನ್ನು ದಪ್ಪಕ್ಷರದಲ್ಲಿ ಗೌರವಿಸಿದ ಕಾಲ, ಅದೇ ಹೊಲದ ಹಳೆಯ ಜನರ ತಲೆಮಾರುಗಳಿಗೆ ಕಿವಿಗೊಡಲಿಲ್ಲ. ಸರ್ಕಾರ ತನ್ನ ತಪ್ಪನ್ನು ಒಪ್ಪಿ ಪರಿಹಾರದ ಕಾನೂನು ಮಾಡಿದ್ದು 1998ರಲ್ಲಿ. ಜಾಹೀರಾತುಗಳನ್ನು ಓದುವವರು ಇದನ್ನೂ ಜೊತೆಯಲ್ಲೇ ಓದಬೇಕೆಂದು ನನ್ನ ಹಟ.

ಅತ್ತ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಇದೇ ಬಗೆಯ ಜಾಹೀರಾತುಗಳಿಂದ ಹುಟ್ಟಿದ ಕುದುರೆಗಳಿಗೆ ನಮ್ಮ ದೇಶವೂ ಗಿರಾಕಿಯಾಗಿತ್ತು. ಅಲ್ಲಿ ಹುಟ್ಟಿ ‘ವೇಲರ್’ ಎನಿಸಿಕೊಂಡ ಕುದುರೆಗಳು ಬ್ರಿಟಿಷ್ ಭಾರತದ ಸೈನ್ಯಕ್ಕಾಗಿ ನೂರು ವರ್ಷಕ್ಕೂ ಹೆಚ್ಚು ಕಾಲ ಹಡಗೇರಿ ಬಂದವು. ಸರಿಯಾದ ಬಂದರು ಕಟ್ಟುವ ಮೊದಲು ಮದರಾಸಿನಲ್ಲಿ ಅವನ್ನು ಅಲೆಗಳ ನಡುವೆಯೇ ದಡಕ್ಕೆ ಸೇರಿಸಬೇಕಾಗಿತ್ತು. ಅಲ್ಲಿಂದ ಘಟ್ಟ ಹತ್ತಿ, ಸೈನ್ಯದ ಕುದುರೆಗಳನ್ನು ಇರಿಸುತ್ತಿದ್ದ ಹೊಸೂರಿನ ರಿಮೌಂಟ್ ಡಿಪೋಗೆ ಬಂದರೆ, ಬೆಂಗಳೂರಿನ ದಂಡುಪ್ರದೇಶ ಬಹಳ ದೂರವೇನಲ್ಲ. ಯಾವುದೋ ಹಳ್ಳಿಯ ರೈತ ಪತ್ರಿಕೆ ನೋಡಿ ತೆಗೆದುಕೊಂಡ ತೀರ್ಮಾನ ಹೀಗೆ ವರ್ಷಗಳ ಮೇಲೆ ನಮ್ಮ ಕಡೆಯ ರಸ್ತೆಗಳಲ್ಲಿ ನಡೆದಿದೆ.

1911ರ ಗಣತಿಯಲ್ಲಿ ನ್ಯೂಜಿಲೆಂಡಿನ ಕುದುರೆಗಳ ಸಂಖ್ಯೆ 4 ಲಕ್ಷ ದಾಟಿತ್ತು. ಜನ ಇದ್ದದ್ದು ಹತ್ತು ಲಕ್ಷ ಚಿಲ್ಲರೆ. ಅದೇ ವರ್ಷ ಅಲ್ಲಿನ ಕ್ಲೈಡ್ಸ್‌ಡೇಲ್ ಸಂಘವೂ ಹುಟ್ಟಿತು. ಅದೇ ಏರಿನ ತುದಿ. ಆಮೇಲೆ ಟ್ರ್ಯಾಕ್ಟರ್ ಬಂತು, ವಾರದ ಪಯಣಗಳು ನಿಂತವು, ಅಂಕಣ ಖಾಲಿಯಾಯಿತು. ಟ್ರ್ಯಾಕ್ಟರಿನ ಜಾಹೀರಾತು ಯಂತ್ರದ ಶಕ್ತಿಯನ್ನು ಕುದುರೆಯ ಲೆಕ್ಕದಲ್ಲೇ ಹೇಳಿತು, ಆದರೆ ಅದಕ್ಕೆ ಸ್ವಭಾವ ಹೇಳುವ ಅಗತ್ಯ ಬೀಳಲಿಲ್ಲ.

ಮಾರುವ ಮಾತು ಹೇಗಿರಬೇಕೆಂದು ಯಾರಾದರೂ ಕೇಳಿದರೆ ನಾನು ಈ ಹಳೆಯ ಅಂಕಣಗಳ ಕಡೆ ಬೆರಳು ತೋರಿಸುತ್ತೇನೆ. ಹೇಳಿದ್ದನ್ನು ಮುಟ್ಟಿ ನೋಡಬಹುದಾಗಿರಲಿ. ಎಲ್ಲಿ, ಯಾವ ವಾರ ಸಿಗುತ್ತೇನೆಂದು ಹೇಳಿ, ಅಲ್ಲಿ ಸಿಗುವ ಧೈರ್ಯವಿರಲಿ. ಐದು ವರ್ಷದ ಮೇಲೂ ಕೊಂಡವನ ಮುಖ ನೋಡಿ ಮಾತಾಡಲು ಆಗುವಂತಿರಲಿ. ಆ ರೈತರು ಇಷ್ಟನ್ನು ಕೆಲವೇ ಅಂಗುಲದ ಅಂಕಣದಲ್ಲಿ ಮಾಡಿ ತೋರಿಸಿದ್ದಾರೆ.